ನಿಮಗೆ ಬೀಗದ ಕೈ ಬೇಡ ಮೇಡಂ

ಕಳೆದ ತಿಂಗಳ ಒಂದು ಭಾನುವಾರ, ಅವಲಕ್ಕಿಗೆ ಒಗ್ಗರಣೆ ಸಿಡಿಯುತ್ತಿದ್ದಾಗ ಫೋನ್ ಬಂತು. ಒಲೆ ಆರಿಸಿ ಎತ್ತಿಕೊಂಡೆ. ದಾವಣಗೆರೆಯ ಶಾಖೆಯೊಂದರಲ್ಲಿ ಅಧಿಕಾರಿಯಾಗಿರುವ ಹುಡುಗಿ. ಹುಡುಗಿ ಎನ್ನುತ್ತಿದ್ದೇನೆ, ಅವಳಿಗೆ ನಲವತ್ತು ಹತ್ತಿರ ಬಂತು; ಮಗಳು ಐದನೇ ತರಗತಿಯಲ್ಲಿದ್ದಾಳೆ. ಆದರೆ ಅವಳು ಬ್ಯಾಂಕಿಗೆ ಸೇರಿದ ದಿನ ಹಾಜರಿ ಪುಸ್ತಕಕ್ಕೆ ಮೊದಲ ಸಹಿ ಹಾಕಿದ್ದು ನನ್ನ ಮೇಜಿನ ಮುಂದೆ ನಿಂತು. ನನಗೆ ಈಗಲೂ ಕಣ್ಣಿಗೆ ಕಟ್ಟುವುದು ಆ ದಿನದ ಮುಖವೇ.

"ಮೇಡಂ, ಬಡ್ತಿ ಬಂದಿದೆ" ಎಂದಳು. ದನಿಯಲ್ಲಿ ಸಂತೋಷವಿರಲಿಲ್ಲ. ಅಧಿಕಾರಿಗಳ ದರ್ಜೆಯಲ್ಲಿ ಸ್ಕೇಲ್ 2ರಿಂದ ಸ್ಕೇಲ್ 3ಕ್ಕೆ. ಹಾಕಿರುವುದು ಭುವನೇಶ್ವರಕ್ಕೆ. ಅತ್ತೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಗಂಡನದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅಷ್ಟನ್ನು ಒಂದೇ ಉಸಿರಿಗೆ ಹೇಳಿ, ಸ್ವಲ್ಪ ತಡೆದು ಕೇಳಿದಳು: "ಬಡ್ತಿ ಬೇಡವೆಂದು ಬರೆದುಕೊಡುವ ಪತ್ರ ಹೇಗಿರಬೇಕು ಮೇಡಂ? ನೀವು ಒಮ್ಮೆ ಬರೆದಿದ್ದಿರಂತೆ."

ಹೌದು, ಬರೆದಿದ್ದೆ. 1991ರಲ್ಲಿ.

ನಾನು ಗುಮಾಸ್ತೆಯಾಗಿ ಬ್ಯಾಂಕು ಸೇರಿದ್ದು 1985ರಲ್ಲಿ, ಶಿವಮೊಗ್ಗದ ಶಾಖೆಗೆ. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಅದು ನನಗೆ ಮೂವತ್ತೆಂಟು ವರ್ಷ ಅನ್ನ ಕೊಟ್ಟಿದೆ, ನಾನು ಹೇಳಹೊರಟಿರುವುದು ಆ ಒಂದು ಬ್ಯಾಂಕಿನ ಕಥೆಯೂ ಅಲ್ಲ. 1969ರಲ್ಲಿ ಹದಿನಾಲ್ಕು, 1980ರಲ್ಲಿ ಆರು ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಹಳ್ಳಿಹಳ್ಳಿಗೆ ಶಾಖೆಗಳು ಬಂದವು, ಪರೀಕ್ಷೆಯ ಮೂಲಕ ನೇಮಕಾತಿ ಬಂತು. ನನ್ನಂಥವಳಿಗೆ, ಸಾಗರದ ಹತ್ತಿರದ ಹಳ್ಳಿಯಿಂದ ಬಂದ ಬಿ.ಕಾಂ. ಹುಡುಗಿಗೆ, ಆ ಪರೀಕ್ಷೆಯೇ ಬಾಗಿಲು. ಉತ್ತರಪತ್ರಿಕೆಯನ್ನು ತಿದ್ದುವವರಿಗೆ ನಾನು ಹೆಣ್ಣೆಂದು ಗೊತ್ತಿರಲಿಲ್ಲ. ಒಳಗೆ ಬಂದಿದ್ದು ಹಾಗೆ. ಒಳಗೆ ಬಂದ ಮೇಲೆ ಎಲ್ಲರಿಗೂ ಗೊತ್ತಾಯಿತು.

ಬ್ಯಾಂಕಿನ ಹೊರಗಿನವರಿಗಾಗಿ ಒಂದಿಷ್ಟು ಲೆಕ್ಕ ಹೇಳಿಬಿಡುತ್ತೇನೆ. ಗುಮಾಸ್ತೆ ಅಧಿಕಾರಿಯಾದರೆ ಸ್ಕೇಲ್ 1. ಅಲ್ಲಿಂದ ಪ್ರಬಂಧಕ ಸ್ಕೇಲ್ 2, ಹಿರಿಯ ಪ್ರಬಂಧಕ 3, ಮುಖ್ಯ ಪ್ರಬಂಧಕ 4, ಸಹಾಯಕ ಮಹಾಪ್ರಬಂಧಕ 5, ಉಪ ಮಹಾಪ್ರಬಂಧಕ 6, ಮಹಾಪ್ರಬಂಧಕ 7. ಅದನ್ನು ದಾಟಿದವರಷ್ಟೇ ಆಡಳಿತ ಮಂಡಳಿಯ ಕುರ್ಚಿಯ ಕಡೆ ನೋಡಬಹುದು. ಒಂದೊಂದು ಮೆಟ್ಟಿಲಿಗೂ ವರ್ಷಗಳ ಕನಿಷ್ಠ ಸೇವೆ ಬೇಕು, ಸಂದರ್ಶನ ದಾಟಬೇಕು, ಬಹುಪಾಲು ಮೆಟ್ಟಿಲಿಗೆ ಊರು ಬಿಡಬೇಕು. ಬಡ್ತಿ ಮತ್ತು ವರ್ಗಾವಣೆ ನಮ್ಮಲ್ಲಿ ಎರಡು ಸಂಗತಿಗಳಲ್ಲ, ಒಂದೇ ಲಕೋಟೆಯಲ್ಲಿ ಬರುವ ಒಂದೇ ಕಾಗದ.

1991ರಲ್ಲಿ ನನ್ನ ಮಗನಿಗೆ ಎರಡು ವರ್ಷ. ನಮ್ಮ ಮನೆಯವರು ಕಾಲೇಜಿನಲ್ಲಿ ಉಪನ್ಯಾಸಕರು. ಬ್ಯಾಂಕ್ ನೌಕರರ ವೃತ್ತಿಪರ ಪರೀಕ್ಷೆಯಾದ ಸಿಎಐಐಬಿಯ ಎರಡೂ ಭಾಗ ಮುಗಿಸಿದ್ದೆ, ಬಡ್ತಿಯ ಪರೀಕ್ಷೆಯಲ್ಲಿ ನಮ್ಮ ಶಾಖೆಯಿಂದ ನಾನು ಮತ್ತು ಇನ್ನೊಬ್ಬ ಸಹೋದ್ಯೋಗಿ ಪಾಸಾಗಿದ್ದೆವು. ಅವರೂ ನಾನೂ 1985ರಲ್ಲಿ ಒಂದೇ ದಿನ ಕೆಲಸಕ್ಕೆ ಸೇರಿದವರು. ಅವರಿಗೆ ಬೀದರ್ ಜಿಲ್ಲೆ, ನನಗೆ ರಾಯಚೂರು ಜಿಲ್ಲೆ. ಅವರು ಸಿಹಿ ಹಂಚಿದರು. ನನ್ನನ್ನು ಹೆಡ್ ಕ್ಲರ್ಕ್ ಪಕ್ಕಕ್ಕೆ ಕರೆದು, "ನಿಮಗೆ ಬೇಕಾದರೆ ಮಾದರಿ ಇದೆಯಮ್ಮ" ಎಂದು ಒಂದು ಕಡತ ತೆಗೆದುಕೊಟ್ಟರು. ಅದರಲ್ಲಿ ಒಂಬತ್ತು ನಿರಾಕರಣೆ ಪತ್ರಗಳಿದ್ದವು. ಎಂಟು ಹೆಂಗಸರವು. ಒಬ್ಬರು ಗಂಡಸು, ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಎಂಟರಲ್ಲೂ ಅದೇ ನಾಲ್ಕು ಸಾಲು: ಕೌಟುಂಬಿಕ ಕಾರಣಗಳಿಂದ, ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಈ ಬಡ್ತಿಯನ್ನು ನಿರಾಕರಿಸುತ್ತಿದ್ದೇನೆ. ಹೆಸರು, ಸಿಬ್ಬಂದಿ ಸಂಖ್ಯೆ ಬದಲಿಸಿದರೆ ಸಾಕಿತ್ತು. ನಾನು ಬದಲಿಸಿದೆ. ಟೈಪ್ ಮಾಡಿದ್ದೂ ನಾನೇ.

ಆ "ಸ್ವಇಚ್ಛೆ" ಎಂಬ ಮಾತು ನನ್ನನ್ನು ಮೂವತ್ತು ವರ್ಷ ಬಿಡಲಿಲ್ಲ. ನನ್ನನ್ನು ಯಾರೂ ಹೋಗಬೇಡ ಎನ್ನಲಿಲ್ಲ, ಅದು ನಿಜ. ಆದರೆ ಹೋಗುವುದಾದರೆ ಹೇಗೆ ಎಂದೂ ಯಾರೂ ಕೇಳಲಿಲ್ಲ. ಎರಡು ವರ್ಷದ ಕೂಸನ್ನು ಎಲ್ಲಿ ಬಿಡುವುದು, ಅಲ್ಲಿ ಮನೆ ಯಾರು ಹುಡುಕಿಕೊಡುತ್ತಾರೆ, ಮಗುವಿಗೆ ಜ್ವರ ಬಂದ ರಾತ್ರಿ ಏನು ಮಾಡುವುದು. ಈ ಪ್ರಶ್ನೆಗಳೆಲ್ಲ ನನ್ನವು, ನಾನೊಬ್ಬಳೇ ಬಿಡಿಸಬೇಕಾದವು ಎಂದು ಬ್ಯಾಂಕೂ ಮನೆಯೂ ಮಾತಿಲ್ಲದೆ ಒಪ್ಪಿಕೊಂಡಿದ್ದವು. ನಾನೂ ಒಪ್ಪಿಕೊಂಡಿದ್ದೆ. ಎರಡು ವರ್ಷದ ನಂತರ ನಮ್ಮ ಮನೆಯವರಿಗೆ ಹಾಸನಕ್ಕೆ ವರ್ಗವಾದಾಗ ಅವರು ಒಂದು ಟ್ರಂಕು ತೆಗೆದುಕೊಂಡು ಬಸ್ಸು ಹತ್ತಿದರು. ಮಗುವನ್ನು ಎಲ್ಲಿ ಬಿಡುತ್ತೀರಿ ಎಂದು ಅವರನ್ನು ಯಾರು ಕೇಳುತ್ತಾರೆ? ಅವರು ಒಳ್ಳೆಯ ಮನುಷ್ಯ, ಇಂದಿಗೂ ಹೌದು. ಒಳ್ಳೆಯತನಕ್ಕೂ ಇದಕ್ಕೂ ಸಂಬಂಧವಿಲ್ಲ.

1996ರಲ್ಲಿ ಮತ್ತೆ ಪರೀಕ್ಷೆ ಕಟ್ಟಿದೆ, ಮತ್ತೆ ಪಾಸಾದೆ. ಈ ಸಲ ಸಿಂಧನೂರು. ನನ್ನ ಅತ್ತೆ ಆಗ ನಮ್ಮ ಜೊತೆ ಇದ್ದರು. ಇಪ್ಪತ್ತೆಂಟನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ನಾಲ್ಕು ಮಕ್ಕಳನ್ನೂ ಎರಡು ಎಕರೆ ಅಡಿಕೆ ತೋಟವನ್ನೂ ನಿಭಾಯಿಸಿದ ಹೆಂಗಸು. ಉಗ್ರಾಣದ ಬೀಗದ ಕೈಗೊಂಚಲು ಸೊಂಟದಿಂದ ಇಳಿದದ್ದನ್ನು ನಾನು ನೋಡಿಲ್ಲ. ಅಡಿಕೆ ವ್ಯಾಪಾರಿ ಮನೆಗೆ ಬಂದರೆ ಮಾತಾಡುತ್ತಿದ್ದುದು ಅವರೇ. ಪತ್ರ ಬಂದ ರಾತ್ರಿ ನಾನು ಬಾಯಿ ತೆರೆಯುವ ಮುಂಚೆ ಅವರೇ ಹೇಳಿದರು: "ಮಗು ನನ್ನ ಹತ್ತಿರ ಇರಲಿ. ನೀನು ಹೋಗು. ಹೋದಸಲ ನೀನು ಕಾಗದ ಬರೆದುಕೊಟ್ಟದ್ದು ನನಗೆ ಆಮೇಲೆ ಗೊತ್ತಾಯಿತು. ನನ್ನನ್ನು ಕೇಳಬೇಕಿತ್ತು."

ಐದು ವರ್ಷದ ಹಿಂದೆಯೇ ಕೇಳಬಹುದಿತ್ತು. ನನಗೆ ಹೊಳೆದಿರಲಿಲ್ಲ.

ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸೀಮೆ. ಭತ್ತ, ಮತ್ತೂ ಭತ್ತ, ಅದರ ಸುತ್ತ ಅಕ್ಕಿ ಗಿರಣಿಗಳು. ಶಿವಮೊಗ್ಗದಿಂದ ಹೊರಟರೆ ಹರಿಹರ, ಹೊಸಪೇಟೆ, ಗಂಗಾವತಿ ದಾಟಿ ತಲುಪುವಷ್ಟರಲ್ಲಿ ಇಡೀ ದಿನ ಹೋಗುತ್ತಿತ್ತು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಬಸ್ಸು ಹತ್ತಿ, ಭಾನುವಾರ ನಾಲ್ಕು ಗಂಟೆ ಮಗನ ಜೊತೆ ಇದ್ದು, ರಾತ್ರಿ ಬಸ್ಸಿಗೆ ಮರಳಬೇಕು. ಹದಿನೈದು ದಿನಕ್ಕೊಮ್ಮೆ ಹೀಗೆ. ಮೂರು ವರ್ಷ.

ಶಾಖೆಯ ಮೊದಲ ದಿನವೇ ವ್ಯವಸ್ಥಾಪಕರು ನನ್ನನ್ನು ಕೂರಿಸಿಕೊಂಡು ಪ್ರೀತಿಯಿಂದಲೇ ಹೇಳಿದರು: "ನಿಮಗೆ ಬೀಗದ ಕೈ ಬೇಡ ಮೇಡಂ. ಸಂಜೆ ಬೇಗ ರೂಮಿಗೆ ಹೋಗಬಹುದು."

ಬೀಗದ ಕೈ ಎಂದರೆ ನಗದು ತಿಜೋರಿಯದು. ಅದು ಎರಡು ಕೀಲಿಯಿಲ್ಲದೆ ತೆರೆಯದು. ಒಂದು ಹೆಡ್ ಕ್ಯಾಷಿಯರ್ ಬಳಿ, ಇನ್ನೊಂದು ಒಬ್ಬ ಅಧಿಕಾರಿಯ ಬಳಿ. ಜಂಟಿ ಸುಪರ್ದಿ ಎನ್ನುತ್ತಾರೆ. ಕೈ ಇಟ್ಟುಕೊಂಡವರು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರಬೇಕು, ಸಂಜೆ ನಗದು ತಾಳೆಯಾಗಿ ತಿಜೋರಿ ಮುಚ್ಚುವವರೆಗೆ ಕದಲುವಂತಿಲ್ಲ. ಸುಗ್ಗಿಯಲ್ಲಿ ಗಿರಣಿಯವರು ರೈತರಿಗೆ ಹಣ ಕೊಡಬೇಕು, ನಗದಿನ ಓಡಾಟ ಹೆಚ್ಚು, ರಾತ್ರಿ ಎಂಟಾದರೂ ಆಗಬಹುದು. ಹಾಗಾಗಿ ನನಗಿಂತ ಕಿರಿಯನಾದ, ಆಗಷ್ಟೇ ಮದುವೆಯಾದ ಒಬ್ಬ ಹುಡುಗನಿಗೆ ಕೈ ಸಿಕ್ಕಿತು. ನನಗೆ ಸಿಕ್ಕಿದ್ದು ಠೇವಣಿ, ಡಿಡಿ, ಲಾಕರ್.

ನಾನು ಕೃತಜ್ಞತೆಯಿಂದ ತಲೆಯಾಡಿಸಿದೆ. ಅದು ಉಪಕಾರವೆಂದೇ ಅಂದುಕೊಂಡಿದ್ದೆ.

ಉಪಕಾರದ ಬೆಲೆ ಗೊತ್ತಾಗಲು ಆರು ತಿಂಗಳು ಬೇಕಾಯಿತು. ಐದೂವರೆಗೆ ನಾನು ರೂಮಿಗೆ ಹೋಗಿ ಗೋಡೆ ನೋಡುತ್ತಾ ಕುಳಿತಿರುತ್ತಿದ್ದೆ. ಮಗನಂತೂ ಅಲ್ಲಿರಲಿಲ್ಲ, ಬೇಗ ಹೋಗಿ ನಾನು ಮಾಡುವುದೇನಿತ್ತು? ಅದೇ ಹೊತ್ತಿಗೆ ಶಾಖೆಯಲ್ಲಿ ನಿಜವಾದ ಬ್ಯಾಂಕಿಂಗ್ ಶುರುವಾಗುತ್ತಿತ್ತು. ಗಿರಾಕಿಗಳು ಖಾಲಿಯಾದ ಮೇಲೆ ವ್ಯವಸ್ಥಾಪಕರು ಸಾಲದ ಕಡತಗಳನ್ನು ಹರಡಿಕೊಂಡು ಆ ಹುಡುಗನಿಗೆ ಹೇಳಿಕೊಡುತ್ತಿದ್ದರು. ಯಾವ ಗಿರಣಿಯ ಲೆಕ್ಕಪತ್ರದಲ್ಲಿ ಏನು ಅಡಗಿದೆ, ಯಾರಿಗೆ ಎಷ್ಟು ಮಿತಿ ಕೊಡಬಹುದು, ಪ್ರಾದೇಶಿಕ ಕಚೇರಿಗೆ ಪ್ರಸ್ತಾವ ಹೇಗೆ ಬರೆಯಬೇಕು. ತಿಜೋರಿ ಮುಚ್ಚಲು ಕಾಯುತ್ತಾ ಕುಳಿತವನಿಗೆ ಅದೆಲ್ಲ ತಾನಾಗಿ ಸಿಗುತ್ತಿತ್ತು. ಯಾರೂ ನನ್ನಿಂದ ಮುಚ್ಚಿಡಲಿಲ್ಲ. ನಾನು ಅಲ್ಲಿರಲಿಲ್ಲ, ಅಷ್ಟೇ.

ಒಂದು ಬೆಳಿಗ್ಗೆ ಹೋಗಿ ಕೇಳಿದೆ: "ಸಾರ್, ಕೈ ನನಗೆ ಕೊಡಿ." ಅವರು ಗಾಬರಿಯಾದರು, ಸಿಟ್ಟಾಗಲಿಲ್ಲ. "ತಡವಾಗುತ್ತದೆ, ಜನ ಏನಾದರೂ ಅಂದುಕೊಳ್ಳುತ್ತಾರೆ" ಎಂದರು. ಅಂದುಕೊಳ್ಳಲಿ ಎಂದೆ. ಕೊಟ್ಟರು. ಅದರ ಹಿಂದೆಯೇ ಗಿರಣಿಗಳ ದಾಸ್ತಾನು ತಪಾಸಣೆಯೂ ಬಂತು.

ದಾಸ್ತಾನು ತಪಾಸಣೆಯ ಬಗ್ಗೆ ಸ್ವಲ್ಪ ಹೇಳಲೇಬೇಕು, ನನ್ನನ್ನು ಬ್ಯಾಂಕರ್ ಮಾಡಿದ್ದು ಅದು. ಗಿರಣಿಯವರು ಗೋದಾಮಿನ ಭತ್ತವನ್ನೇ ಆಧಾರವಾಗಿಟ್ಟು ಸಾಲ ಪಡೆಯುತ್ತಾರೆ. ಭತ್ತ ಅವರ ಬಳಿಯೇ ಇರುತ್ತದೆ, ತಿಂಗಳಿಗೊಮ್ಮೆ ಇಷ್ಟು ಚೀಲವಿದೆ ಎಂದು ಬರೆದುಕೊಡುತ್ತಾರೆ, ನಾವು ಹೋಗಿ ನೋಡಬೇಕು. ಚೀಲಗಳ ಅಟ್ಟಿಯನ್ನು ಉದ್ದ, ಅಗಲ, ಎತ್ತರದಲ್ಲಿ ಎಣಿಸಿ ಗುಣಿಸುವುದು. ಒಂದು ಗಿರಣಿಯಲ್ಲಿ ಹಾಗೆ ಎಣಿಸಿದಾಗ ಲೆಕ್ಕ ಸರಿಯಾಗಿಯೇ ಬಂತು. ಆದರೆ ಅಟ್ಟಿ ಸುಣ್ಣದ ಗೋಡೆಯಷ್ಟು ನೇರವಾಗಿತ್ತು. ಭತ್ತದ ಚೀಲ ಒಂದರ ಮೇಲೊಂದು ಬಿದ್ದು ಬೆಳೆದ ಅಟ್ಟಿ ಅಷ್ಟು ಓರಣವಾಗಿ ಇರುವುದಿಲ್ಲ. ನಮ್ಮ ಮನೆಯ ಅಡಿಕೆ ಮೂಟೆಗಳನ್ನು ನೋಡಿ ಬೆಳೆದವಳು ನಾನು. ಏಣಿ ಬೇಕು ಎಂದೆ. "ಏಣಿಯಾ? ನೀವು ಹತ್ತುತ್ತೀರಾ ಮೇಡಂ?" ಎಂದು ಗಿರಣಿಯ ಲೆಕ್ಕ ಬರೆಯುವ ರೈಟರ್ ಬೆರಗಾದ. ಸೆರಗು ಬಿಗಿದು ಹತ್ತಿದೆ. ಮೇಲಿನ ಸಾಲಿನ ಎರಡು ಚೀಲ ಸರಿಸಿ ನೋಡಿದರೆ ಒಳಗೆ ಬಾವಿ. ಸುತ್ತ ಚೀಲದ ಗೋಡೆ, ನಡುವೆ ಬರೀ ಗಾಳಿ. ಬ್ಯಾಂಕಿನ ಲಕ್ಷಾಂತರ ರೂಪಾಯಿ ಆ ಗಾಳಿಯ ಮೇಲೆ ನಿಂತಿತ್ತು.

ನಾನು ಕೆಳಗಿಳಿದು ಬರೆದ ವರದಿ ಎರಡು ಪುಟದ್ದು. ಸಾಲ ಸಮಯಕ್ಕೆ ವಸೂಲಾಯಿತು. ಮುಂದೆ ಹತ್ತು ವರ್ಷ ನಾನು ಹೋದ ಯಾವ ಸಂದರ್ಶನದಲ್ಲೂ ಹೇಳಲು ನನ್ನ ಬಳಿ ಏನಾದರೂ ಇತ್ತೆಂದರೆ ಅದು ಆ ಏಣಿಯಿಂದ ಬಂದದ್ದು. ಬೀಗದ ಕೈ ಕೇಳದೇ ಇದ್ದಿದ್ದರೆ ಏಣಿಯೂ ಇರುತ್ತಿರಲಿಲ್ಲ.

ದೊಡ್ಡ ಕುರ್ಚಿಗಳ ಸುದ್ದಿ ಬಂದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. 2013ರ ಅಕ್ಟೋಬರಿನಲ್ಲಿ ಅರುಂಧತಿ ಭಟ್ಟಾಚಾರ್ಯ ಭಾರತೀಯ ಸ್ಟೇಟ್ ಬ್ಯಾಂಕಿನ ಅಧ್ಯಕ್ಷೆಯಾದರು. 1806ರ ಬ್ಯಾಂಕ್ ಆಫ್ ಕಲ್ಕತ್ತಾದಿಂದ ಎಣಿಸಿದರೆ ಇನ್ನೂರು ವರ್ಷ ದಾಟಿದ ಸಂಸ್ಥೆಗೆ ಮೊದಲ ಮಹಿಳೆ. ಆ ಸುಮಾರಿಗೆ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಜಯಲಕ್ಷ್ಮಿ ಅಯ್ಯರ್, ಅಲಹಾಬಾದ್ ಬ್ಯಾಂಕಿನಲ್ಲಿ ಶುಭಲಕ್ಷ್ಮಿ ಪಾನ್ಸೆ, ಖಾಸಗಿಯಲ್ಲಿ ಐಸಿಐಸಿಐಗೆ ಚಂದಾ ಕೊಚ್ಚರ್, ಆಕ್ಸಿಸ್‌ಗೆ ಶಿಖಾ ಶರ್ಮಾ. ಬ್ಯಾಂಕಿಂಗ್ ಇನ್ನು ಹೆಂಗಸರದ್ದೇ ಎನ್ನುವ ಹಾಗೆ ಆಗ ಮಾತು ನಡೆಯಿತು. ನಮ್ಮ ಶಾಖೆಯಲ್ಲೂ ಪೇಢೆ ಹಂಚಿದೆವು. ನಾನು ಮಾತ್ರ ಇಸವಿ ಎಣಿಸುತ್ತಿದ್ದೆ. ಅರುಂಧತಿಯವರು ಸ್ಟೇಟ್ ಬ್ಯಾಂಕಿಗೆ ಪ್ರೊಬೇಷನರಿ ಅಧಿಕಾರಿಯಾಗಿ ಸೇರಿದ್ದು 1977ರಲ್ಲಿ. ಮೆಟ್ಟಿಲು ಹತ್ತಲು ಹಿಡಿದದ್ದು ಮೂವತ್ತಾರು ವರ್ಷ. ನಮ್ಮ ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೆ 1988ರಲ್ಲಿ ಅಧಿಕಾರಿಯಾಗಿ ಸೇರಿದ ಎ. ಮಣಿಮೇಖಲೈ ಯೂನಿಯನ್ ಬ್ಯಾಂಕಿನ ಮುಖ್ಯಸ್ಥೆಯಾದದ್ದು 2022ರಲ್ಲಿ. ಮೂವತ್ತನಾಲ್ಕು ವರ್ಷ. ಅಷ್ಟರಲ್ಲಿ ವಿಜಯಾ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿ ಮೂರು ವರ್ಷವಾಗಿತ್ತು.

ಇಂದು ಮೇಲೆ ಯಾರಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಇಂದಿನಲ್ಲಿಲ್ಲ. 1990ರ ದಶಕದ ಕಡತಗಳಲ್ಲಿದೆ. ಹೆಡ್ ಕ್ಲರ್ಕ್ ನನಗೆ ತೋರಿಸಿದ ಆ ಕಡತದ ಎಂಟು ಹೆಂಗಸರಲ್ಲಿ, ಒಂಬತ್ತನೆಯವಳಾದ ನನ್ನಲ್ಲಿ, ದೇಶದ ಉದ್ದಗಲಕ್ಕೆ ಅದೇ ನಾಲ್ಕು ಸಾಲು ಟೈಪ್ ಮಾಡಿದವರಲ್ಲಿ. ನಾವೆಲ್ಲ ಹತ್ತಿದ್ದರೆ ನಿವೃತ್ತಿಯ ಹೊತ್ತಿಗೆ ಮಹಾಪ್ರಬಂಧಕರ ಸಾಲಿನಲ್ಲಿ ಇರಬೇಕಾದವರು. ನನ್ನ ಜೊತೆ ಒಂದೇ ದಿನ ಸೇರಿ 1991ರಲ್ಲಿ ಬೀದರ್ ಜಿಲ್ಲೆಗೆ ಹೋದವರು ಉಪ ಮಹಾಪ್ರಬಂಧಕರಾಗಿ ನಿವೃತ್ತರಾದರು. ನಾನು ಮುಖ್ಯ ಪ್ರಬಂಧಕಿಯಾಗಿ. ಶುರುವಿನ ಐದು ವರ್ಷ ಕೊನೆಯಲ್ಲಿ ಎರಡು ಸ್ಕೇಲ್ ಆಯಿತು. ಅವರ ಯೋಗ್ಯತೆಯ ಬಗ್ಗೆ ನನಗೆ ಗೌರವವಿದೆ. ಅವರು ಬೀದರಿಗೆ ಹೋದಾಗ ಶಿವಮೊಗ್ಗದ ಖಾಸಗಿ ಶಾಲೆಯ ಕೆಲಸ ಬಿಟ್ಟು ಜೊತೆಗೆ ಹೋದ ಅವರ ಹೆಂಡತಿಯ ಬಗ್ಗೆಯೂ ಅಷ್ಟೇ ಗೌರವವಿದೆ. ಆ ಬಡ್ತಿಯಲ್ಲಿ ಅವರ ಪಾಲನ್ನು ಯಾವ ಸೇವಾ ಪುಸ್ತಕವೂ ಬರೆದಿಟ್ಟಿಲ್ಲ.

ಕಾನೂನು ಬಂದಿಲ್ಲವೆಂದಲ್ಲ. 2013ರ ಕಂಪನಿ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯ ಆಡಳಿತ ಮಂಡಳಿಯಲ್ಲಿ ಒಬ್ಬಳಾದರೂ ಮಹಿಳಾ ನಿರ್ದೇಶಕಿ ಇರಬೇಕು. ಗಡುವು ಹತ್ತಿರ ಬಂದಾಗ ಎಷ್ಟೋ ಕಂಪನಿಗಳು ಮಾಲೀಕರ ಹೆಂಡತಿಯನ್ನೋ ಮಗಳನ್ನೋ ತಂದು ಕೂರಿಸಿದವು. ಆಮೇಲೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಇನ್ನೂ ಬಿಗಿ ಮಾಡಿತು: ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳಲ್ಲಿ 2019ರ ಏಪ್ರಿಲ್‌ನಿಂದ, ಮೊದಲ 1,000 ಕಂಪನಿಗಳಲ್ಲಿ 2020ರ ಏಪ್ರಿಲ್‌ನಿಂದ, ಒಬ್ಬ ಸ್ವತಂತ್ರ ಮಹಿಳಾ ನಿರ್ದೇಶಕಿ ಕಡ್ಡಾಯ. ಸ್ವತಂತ್ರ ಎಂದರೆ ಮಾಲೀಕರ ಮನೆಯವಳಲ್ಲದವಳು. ಇದು ಒಳ್ಳೆಯದೇ. ನಾರ್ವೆಯವರು ಶೇ 40 ಎಂದು ಕಾನೂನು ಮಾಡಿ ಎರಡು ದಶಕ ದಾಟಿತು, ನಾವು ಒಬ್ಬಳಲ್ಲಿ ನಿಂತಿದ್ದೇವೆ. ಆದರೂ ಇರಲಿ. ನನ್ನ ತಕರಾರು ಬೇರೆ. ಆ ಕಾನೂನು ಮೇಲಿನ ಕೋಣೆಯ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತದೆ. ಸಿಂಧನೂರಿನ ಶಾಖೆಯಲ್ಲಿ ಬೀಗದ ಕೈ ಯಾರಿಗೆ ಕೊಟ್ಟಿರಿ ಎಂದು ಕೇಳುವ ಕಾನೂನಿಲ್ಲ.

ಕೈ ಸಿಗದೆ ತನ್ನದೇ ಮನೆ ಕಟ್ಟಿಕೊಂಡವರ ಕಥೆಯೂ ನಮ್ಮಲ್ಲಿದೆ. ಕಿರಣ್ ಮಜುಂದಾರ್ ಶಾ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ಶಾಸ್ತ್ರ ಕಲಿತು ಬಂದರೂ ಇದು ಗಂಡಸರ ಕೆಲಸವೆಂದು ಇಲ್ಲಿ ಯಾರೂ ಆ ಹುದ್ದೆ ಕೊಡಲಿಲ್ಲ. 1978ರಲ್ಲಿ ಬೆಂಗಳೂರಿನ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಶುರು ಮಾಡಿದರು. ಮಹಿಳಾ ದಿನಾಚರಣೆಯಲ್ಲಿ ಈ ಕಥೆಯನ್ನು ಹೇಳದ ವೇದಿಕೆಯಿಲ್ಲ. ನನಗೆ ಅವರ ಮೇಲೆ ಅಪಾರ ಮೆಚ್ಚುಗೆ. ಆದರೆ ಹುದ್ದೆ ಕೊಡದವರ ಬಗ್ಗೆ ಆ ವೇದಿಕೆಗಳಲ್ಲಿ ಒಂದು ಮಾತೂ ಬರುವುದಿಲ್ಲ. ಎಲ್ಲರೂ ಬಯೋಕಾನ್ ಕಟ್ಟಲಾರರು, ಕಟ್ಟಬೇಕಾಗಿಯೂ ಇಲ್ಲ. ಕಲಿತ ಕೆಲಸ ಮಾಡಲು ಬಿಟ್ಟರೆ ಸಾಕು.

ಇನ್ನೊಂದು ಸಂಗತಿ. ಸಿಂಡಿಕೇಟ್ ಬ್ಯಾಂಕ್ 1962ರಲ್ಲಿಯೇ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಪೂರ್ತಿ ಹೆಂಗಸರೇ ನಡೆಸುವ ಶಾಖೆ ತೆರೆದಿತ್ತು. ನಾನು ಹುಟ್ಟುವುದಕ್ಕೆ ಒಂದು ವರ್ಷ ಮುಂಚೆ. ಎರಡೂ ಕೀಲಿ ಹೆಂಗಸರ ಬಳಿಯೇ ಇದ್ದಿರಬೇಕು, ಬೇರೆ ಯಾರಿದ್ದರು ಅಲ್ಲಿ? ಸಂಜೆ ಕತ್ತಲಾದ ಮೇಲೂ ತಿಜೋರಿ ಮುಚ್ಚಿರಬೇಕು, ಸಾಲದ ಕಡತವನ್ನೂ ಓದಿರಬೇಕು. ಇದನ್ನು ಮೊದಲು ಓದಿದಾಗ ನನಗೆ ಕಣ್ಣು ತುಂಬಿ ಬಂತು. ಮೂವತ್ತನಾಲ್ಕು ವರ್ಷ ಕಳೆದ ಮೇಲೆ ನನಗೆ "ಬೇಡ ಮೇಡಂ" ಎಂದವರಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಇಷ್ಟೆಲ್ಲ ಬರೆದವಳು ಇನ್ನೊಂದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ.

2012ರಲ್ಲಿ ಸ್ಕೇಲ್ 4 ಸಿಕ್ಕಿ ನಾನು ಹುಬ್ಬಳ್ಳಿಯ ದೊಡ್ಡ ಶಾಖೆಯೊಂದರ ಮುಖ್ಯಸ್ಥೆಯಾದೆ. ಈಗ ದಾವಣಗೆರೆಯಿಂದ ಫೋನ್ ಮಾಡಿದವಳು ಸೇರಿದ್ದು ಅಲ್ಲಿಗೇ. ಚುರುಕು. ಒಂದು ವರ್ಷದಲ್ಲಿ ಸಣ್ಣ ಉದ್ದಿಮೆಗಳ ಸಾಲದ ಪ್ರಸ್ತಾವಗಳನ್ನು ನನಗಿಂತ ಚೆನ್ನಾಗಿ ಬರೆಯುತ್ತಿದ್ದಳು. 2015ರಲ್ಲಿ ಹೆರಿಗೆ ರಜೆ ಮುಗಿಸಿ ಬಂದಳು. ಕಣ್ಣ ಕೆಳಗೆ ಕಪ್ಪು, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆಟೋ ಹಿಡಿದು ಮನೆಗೆ ಓಡಿ ಮಗುವಿಗೆ ಹಾಲುಣಿಸಿ ಬರುತ್ತಿದ್ದಳು. ನನಗೆ ಕರುಳು ಚುರುಕ್ಕೆಂದಿತು. ಒಂದು ವಾರ ನೋಡಿ ಅವಳನ್ನು ಸಾಲ ವಿಭಾಗದಿಂದ ತೆಗೆದು ಲಾಕರ್ ಮತ್ತು ಠೇವಣಿಗೆ ಹಾಕಿದೆ. "ಸಂಜೆ ಐದಕ್ಕೆ ಹೊರಡು, ಮಗುವನ್ನು ನೋಡಿಕೋ" ಎಂದೆ. ಅವಳು ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು.

ಅವಳ ಸಾಲ ವಿಭಾಗದ ಕುರ್ಚಿಗೆ ಇನ್ನೊಬ್ಬ ಅಧಿಕಾರಿ ಬಂದರು. ಎರಡು ವರ್ಷದ ಮೇಲೆ ನನಗೆ ವರ್ಗವಾಯಿತು. ನಂತರ ಬಂದವರು ಇವಳನ್ನು ಠೇವಣಿಯವಳೆಂದೇ ತಿಳಿದರು. ಮುಂದಿನ ಶಾಖೆಯಲ್ಲೂ ಹಾಗೆಯೇ, ಸೇವಾ ದಾಖಲೆಯಲ್ಲಿ ಹಾಗೆಂದು ಬರೆದಿತ್ತಲ್ಲ. 2021ರಲ್ಲಿ ಸ್ಕೇಲ್ 3ರ ಸಂದರ್ಶನಕ್ಕೆ ಹೋದಾಗ, ಕಳೆದ ಐದು ವರ್ಷದಲ್ಲಿ ನೀವು ಪರಿಶೀಲಿಸಿದ ದೊಡ್ಡ ಸಾಲ ಯಾವುದು ಎಂದು ಕೇಳಿದರು. ಅವಳ ಬಳಿ ಉತ್ತರವಿರಲಿಲ್ಲ. 2023ರಲ್ಲೂ ಇರಲಿಲ್ಲ. ಎರಡನೆಯ ಸಲ ಸೋತ ಸಂಜೆ ಅವಳು ಫೋನ್ ಮಾಡಿ, ಯಾವ ಕಹಿಯೂ ಇಲ್ಲದೆ, ಆ ಪ್ರಶ್ನೆಯನ್ನು ನನಗೆ ಹೇಳಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. "ನಿಮಗೆ ಬೀಗದ ಕೈ ಬೇಡ ಮೇಡಂ" ಎಂದವರ ಮುಖದಲ್ಲಿದ್ದ ಪ್ರೀತಿಯೇ 2015ರಲ್ಲಿ ನನ್ನ ಮುಖದಲ್ಲೂ ಇತ್ತು.

ನಾನು ಅವಳನ್ನು ಕೇಳಬೇಕಿತ್ತು. ಅತ್ತೆ ನನಗೆ ಹೇಳಿದ ಮಾತು ಅದೇ ಅಲ್ಲವೇ. ಕೇಳಿದ್ದರೆ ಅವಳು ಬಹುಶಃ ಸಾಲ ವಿಭಾಗವೇ ಇರಲಿ, ಮಧ್ಯಾಹ್ನ ಒಂದು ಗಂಟೆ ಬಿಡುವು ಕೊಡಿ ಎನ್ನುತ್ತಿದ್ದಳು. ಶಾಖೆಯ ಹತ್ತಿರ ಮಗುವನ್ನು ಬಿಡುವ ಒಂದು ಜಾಗವಿದ್ದರೆ ಅದೂ ಬೇಕಿರಲಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರವಾಯಿತು, ಐವತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಊರುಗಳ ಶಾಖೆಗಳಲ್ಲಿ ಐವತ್ತು ಜನ ಎಲ್ಲಿರುತ್ತಾರೆ? ಒಂದು ಬೀದಿಯಲ್ಲಿ ನಾಲ್ಕು ಬ್ಯಾಂಕುಗಳಿರುತ್ತವೆ, ನಾಲ್ಕೂ ಸೇರಿ ಒಂದು ಕೋಣೆ ಮಾಡಬಹುದು. ನಾನು ಇದನ್ನು ಎರಡು ಸಭೆಗಳಲ್ಲಿ ಹೇಳಿದ್ದೇನೆ. ನಡಾವಳಿಯಲ್ಲಿ ದಾಖಲಾಗಿದೆ.

ಸ್ಟೇಟ್ ಬ್ಯಾಂಕಿನಲ್ಲಿ ಅರುಂಧತಿಯವರ ಕಾಲದಲ್ಲಿ ಹೆಂಗಸರಿಗೆ ಮಕ್ಕಳ ಅಥವಾ ಹಿರಿಯರ ಆರೈಕೆಗಾಗಿ ಎರಡು ವರ್ಷದ ದೀರ್ಘ ರಜೆಯ ಅವಕಾಶ ಬಂತು, ಕೆಲಸ ಕಳೆದುಕೊಳ್ಳದೆ. ಒಳ್ಳೆಯ ಹೆಜ್ಜೆ, ಎಷ್ಟೋ ರಾಜೀನಾಮೆಗಳು ಅದರಿಂದ ತಪ್ಪಿದವು. ಆದರೆ ಆ ರಜೆ ಗಂಡಸರಿಗೂ ಇದ್ದು ಅವರೂ ತೆಗೆದುಕೊಳ್ಳುವಂತಾದ ದಿನ ಅದರ ನಿಜವಾದ ಫಲ ಬರುತ್ತದೆಂಬುದು ನನ್ನ ಗಟ್ಟಿ ನಂಬಿಕೆ. ಡಯಾಲಿಸಿಸ್‌ಗೆ ಹೋಗುವ ತಾಯಿಯ ಜೊತೆ ಮಗ ಕೂರಬಾರದೆಂದು ಯಾವ ಶಾಸ್ತ್ರ ಹೇಳಿದೆ?

ಭಾನುವಾರದ ಫೋನಿಗೆ ಮರಳುತ್ತೇನೆ. ಅವಲಕ್ಕಿ ತಣ್ಣಗಾಯಿತು. ನಾವು ಒಂದೂವರೆ ಗಂಟೆ ಮಾತಾಡಿದೆವು. ಹೋಗು ಎಂದು ನಾನು ಹೇಳಲಿಲ್ಲ, ಅದನ್ನು ಹೇಳುವ ಹಕ್ಕು ನನಗಿಲ್ಲ. ಒಂದನ್ನು ಮಾತ್ರ ಹೇಳಿದೆ: "ನನ್ನ ಪತ್ರದ ಮಾದರಿ ಕೊಡುವುದಿಲ್ಲ. ಬೇರೆ ಪತ್ರ ಬರೆಯೋಣ."

ಬರೆದೆವು. ಮೊದಲ ಸಾಲು: ಬಡ್ತಿಯನ್ನು ಸಂತೋಷದಿಂದ ಸ್ವೀಕರಿಸುತ್ತೇನೆ. ಎರಡನೆಯದು: ಮಹಿಳಾ ನೌಕರರನ್ನು ಸಾಧ್ಯವಾದಷ್ಟು ಗಂಡನ ಅಥವಾ ತಂದೆತಾಯಿಯ ಊರಿನ ಹತ್ತಿರ ನಿಯೋಜಿಸುವಂತೆ ಕೇಂದ್ರ ಹಣಕಾಸು ಸಚಿವಾಲಯ 2014ರಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ನೀಡಿದ ಸೂಚನೆಯ ಉಲ್ಲೇಖ. ಮೂರನೆಯದರಲ್ಲಿ ಅತ್ತೆಯ ಡಯಾಲಿಸಿಸ್ ವೇಳಾಪಟ್ಟಿ, ಮಗಳ ತರಗತಿ, ಗಂಡನ ಪಾಳಿ, ಒಂದೊಂದೂ ದಿನ ಸಮೇತ. "ಕೌಟುಂಬಿಕ ಕಾರಣ" ಎಂದು ಅವಳು ಬರೆದಿದ್ದಳು, ನಾನು ಹೊಡೆದು ಹಾಕಿಸಿದೆ. ಆ ಎರಡು ಪದದ ಹಿಂದೆ ಏನಿದೆಯೆಂದು ಓದುವವರಿಗೆ ಗೊತ್ತಾಗಲಿ. "ಸ್ವಇಚ್ಛೆ" ಎಂಬ ಪದ ಪತ್ರದಲ್ಲಿ ಎಲ್ಲೂ ಇಲ್ಲ. ಕೊನೆಯಲ್ಲಿ ಮೂರು ಪರ್ಯಾಯ: ಇದೇ ವಲಯದ ಯಾವುದೇ ಗ್ರಾಮೀಣ ಶಾಖೆ, ಎಷ್ಟೇ ಕಷ್ಟದ್ದಾದರೂ, ಅಥವಾ ಆರು ತಿಂಗಳ ಕಾಲಾವಕಾಶ, ಎರಡೂ ಆಗದಿದ್ದರೆ ಭುವನೇಶ್ವರ, ಆದರೆ ಸಾಲ ವಿಭಾಗದಲ್ಲಿ.

ಆ ಕೊನೆಯ ತುಂಡು ಅವಳೇ ಸೇರಿಸಿದ್ದು. ನಾನು ಸ್ವಲ್ಪ ಹೊತ್ತು ಮಾತಾಡಲಾಗಲಿಲ್ಲ.

"ನಿಮ್ಮವರು ಏನನ್ನುತ್ತಾರೆ?" ಎಂದು ಕೇಳಿದೆ. "ಇನ್ನೂ ಕೇಳಿಲ್ಲ ಮೇಡಂ" ಎಂದಳು. ಕೇಳು ಎಂದೆ. ಅತ್ತೆಯನ್ನೂ ಕೇಳು ಎಂದೆ.

ಪತ್ರ ಹೋಗಿ ಮೂರು ವಾರವಾಯಿತು, ವಲಯ ಕಚೇರಿಯಿಂದ ಉತ್ತರ ಬಂದಿಲ್ಲ. ಮೊನ್ನೆ ರಾತ್ರಿ ಮತ್ತೆ ಫೋನ್ ಮಾಡಿದ್ದಳು. ಹಿಂದಿನಿಂದ ಗಂಡಸಿನ ದನಿಯೊಂದು, ಪ್ರಶಾಂತಿ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ದಿನವೂ ಇದೆ, ದಾವಣಗೆರೆಯಿಂದ ಹೋಗುವ ರೈಲು ಅದಕ್ಕೆ ಸರಿಯಾಗಿ ಸಿಗುತ್ತದೋ ನೋಡುತ್ತೇನೆ ಎನ್ನುತ್ತಿತ್ತು.